ರಾತ್ರಿ ಹತ್ತರೊಳಗೆ ಮುಗಿಸಬೇಕಾದ ಸಂಗೀತ

ಯಂತ್ರದ ಸದ್ದಿನಿಂದ ಕಟ್ಟಿದ ಎಲೆಕ್ಟ್ರಾನಿಕ್ ಕುಣಿತದ ಸಂಗೀತದಲ್ಲಿ ಪಂಗಡಗಳು ಹಲವು. ಟೆಕ್ನೊ ಕೇಳುವವನಿಗೆ ಟ್ರಾನ್ಸ್ ಅಂದರೆ ಬರೀ ಅಳುಬುರುಕತನ. ಟ್ರಾನ್ಸ್ ಹುಚ್ಚಿನವನಿಗೆ ಹೌಸ್ ಅಂದರೆ ದೊಡ್ಡ ಹೋಟೆಲಿನ ಲಾಬಿಯಲ್ಲಿ ಹಾಕುವ ಸರಕು. ಹೌಸ್‌ನವನಿಗೆ ಡಬ್‌ಸ್ಟೆಪ್ ಹೈಸ್ಕೂಲು ಹುಡುಗರ ಕಿತಾಪತಿ. ಸೈಟ್ರಾನ್ಸ್‌ನವರಂತೂ ಇವರ್ಯಾರನ್ನೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅವರ ಪ್ರಕಾರ ಉಳಿದವರೆಲ್ಲ ಇನ್ನೂ ಸಂಜೆಯಲ್ಲೇ ಇದ್ದಾರೆ, ರಾತ್ರಿ ಕಂಡವರಲ್ಲ. ಇಷ್ಟೆಲ್ಲ ಕಚ್ಚಾಡುವವರು ಒಂದೇ ಒಂದು ಮಾತಿಗೆ ಒಟ್ಟಾಗಿ ತಲೆಯಾಡಿಸುತ್ತಾರೆ: ಇಡಿಎಂ (ಎಲೆಕ್ಟ್ರಾನಿಕ್ ಡಾನ್ಸ್ ಮ್ಯೂಸಿಕ್) ಅಂತ ಹೆಸರು ಹಚ್ಚಿಕೊಂಡು ದೊಡ್ಡ ಉತ್ಸವಗಳಲ್ಲಿ ಬಾರಿಸುತ್ತಾರಲ್ಲ, ಅದು ಸಂಗೀತವೇ ಅಲ್ಲ.

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿ ಟೆಕ್ನೊ ಪಕ್ಷದ ವಕೀಲ ನನ್ನ ಅಕ್ಕನ ಮಗ. ವರ್ಷವಿಡೀ ಕಪ್ಪು ಟೀಶರ್ಟು, ಶನಿವಾರವಾದರೆ ಮುಂಬೈನ ಖಾರ್ ಕಡೆಯ ಯಾವುದಾದರೂ ನೆಲಮಾಳಿಗೆಯ ಕ್ಲಬ್ಬು. ಎದುರು ಪಕ್ಷದವನು ಪುಣೆಯಲ್ಲಿರುವ ನನ್ನ ಗೆಳೆಯ, ಧಾರವಾಡದವನು, ಹಿಂಜೆವಾಡಿಯಲ್ಲಿ ಸಾಫ್ಟ್‌ವೇರು. ಗೋವಾದ ಸನ್‌ಬರ್ನ್ ಎಂಬ ಇಡಿಎಂ ಉತ್ಸವ 2016ರಲ್ಲಿ ಪುಣೆಗೆ ಬಂದಾಗ ಮೊದಲ ಸಲ ಹೋಗಿ ಕುಣಿದು, ಅಲ್ಲಿಂದ ಅದರ ಭಕ್ತನಾದವನು. ಇಬ್ಬರೂ ಒಂದೇ ಸೋಫಾದಲ್ಲಿ ಕೂತರೆ ಮುಗಿಯಿತು.

"ನಿಮ್ಮ ಡಿಜೆ ಪ್ಲೇ ಒತ್ತಿ ಕೈ ಮೇಲೆತ್ತಿ ನಿಲ್ಲುವುದಕ್ಕೆ ನೀವು ದುಡ್ಡು ಕೊಡ್ತೀರಿ ಅಂಕಲ್."

"ನಾವು ಕುಣಿಯಾಕ ಹೋಗ್ತೀವಪಾ, ಪರೀಕ್ಷಾ ಬರಿಯಾಕಲ್ಲ."

ಕರಾವಳಿಯಿಂದ ಮುಂಬೈಗೆ ಬಂದ ನಮ್ಮಂಥವರಿಗೆ ಈ ಜಗಳದ ಧಾಟಿ ಹೊಸದೇನಲ್ಲ. ಯಕ್ಷಗಾನದಲ್ಲಿ ತೆಂಕಿನ ಧಿಗಿಣ ದೊಡ್ಡದೋ ಬಡಗಿನ ಮಂಡಿ ಕುಣಿತ ದೊಡ್ಡದೋ ಎಂದು ಮದುವೆಮನೆಯ ಊಟದ ಪಂಕ್ತಿಯಲ್ಲೇ ಎಲೆ ಬಿಟ್ಟೇಳುವಷ್ಟು ಜಗಳಾಡಿದ ಹಿರಿಯರನ್ನು ನಾನು ಕಂಡಿದ್ದೇನೆ. ಭಾಗವತರು ಸಿನಿಮಾ ಧಾಟಿ ತಂದರು, ಹೊಸ ಪ್ರಸಂಗಗಳು ಪುರಾಣವನ್ನೇ ನುಂಗಿದವು, ಚೆಂಡೆ ಅಬ್ಬರವಾಯಿತು, ಜನ ಶಿಳ್ಳೆ ಹೊಡೆಯಲು ಶುರುಮಾಡಿದರು. ಜನ ಜಾಸ್ತಿ ಬಂದರು ಎನ್ನುವುದೇ ಕಲೆ ಕೆಟ್ಟಿತು ಎನ್ನುವುದಕ್ಕೆ ಸಾಕ್ಷಿ. ಅಕ್ಕನ ಮಗ ತನ್ನ ಅಜ್ಜನ ಮಾತನ್ನೇ, ಟೆಕ್ನೊದವರ ಕಾಶಿಯಾದ ಬರ್ಲಿನ್ ಕಡೆಯ ಉಚ್ಚಾರದಲ್ಲಿ ಹೇಳುತ್ತಿದ್ದಾನೆ, ಅಷ್ಟೆ. ಅವನಿಗೆ ಇದನ್ನು ಹೇಳಿದರೆ ಸಿಟ್ಟು ಬರುತ್ತದೆ.

ಇಬ್ಬರ ವಾದವನ್ನೂ ಕೇಳಿ ಕೇಳಿ ನನಗೆ ಅನ್ನಿಸುವುದು ಬೇರೆಯೇ. ಇವರು ಇದನ್ನು ರುಚಿಯ ಪ್ರಶ್ನೆ ಅಂದುಕೊಂಡಿದ್ದಾರೆ. ಯಾವ ಪ್ರಕಾರ ಹುಟ್ಟುತ್ತದೆ, ಯಾವುದು ಜನಪ್ರಿಯವಾಗುತ್ತದೆ ಎನ್ನುವುದನ್ನು ಬಹಳ ಮಟ್ಟಿಗೆ ತೀರ್ಮಾನಿಸುವುದು ಸಂಗೀತಕ್ಕೆ ಎಷ್ಟು ಹೊತ್ತು ಸಿಕ್ಕಿತು, ಎಂಥ ಯಂತ್ರ ಸಿಕ್ಕಿತು, ಯಾವ ಜಾಗದಲ್ಲಿ ಸಿಕ್ಕಿತು ಎನ್ನುವುದು. ಇದನ್ನು ಮುಂಬೈ-ಗೋವಾ ರೈಲುಹಾದಿಯಲ್ಲೇ ತೋರಿಸಬಹುದು. ಆದರೆ ಅದಕ್ಕೂ ಮೊದಲು ಸ್ವಲ್ಪ ಅಮೆರಿಕ.

ಹೊರಗಿನ ಕಿವಿಗೆ ಇದೆಲ್ಲ ಒಂದೇ ಢಬ್ ಢಬ್. ಒಳಗಿನವರು ನಿಮಿಷಕ್ಕೆ ಎಷ್ಟು ಬಡಿತ ಎಂದು ಲೆಕ್ಕ ಹಾಕುತ್ತಾರೆ: ಹೌಸ್ 120ರಿಂದ 130, ಗೋವಾದ ಟ್ರಾನ್ಸ್ 140ರಿಂದ 150, ಡ್ರಮ್ ಅಂಡ್ ಬೇಸ್ 170ರ ಆಸುಪಾಸು. ಲೆಕ್ಕ ಅಷ್ಟಕ್ಕೇ ಕೆಲಸಕ್ಕೆ ಬರುವುದಿಲ್ಲ. ದಕ್ಷಿಣ ಲಂಡನ್ನಿನ ಡಬ್‌ಸ್ಟೆಪ್ ಕೂಡ 140ರದ್ದೇ. ಆದರೆ ತಾಳದ ಪೆಟ್ಟು ಅರ್ಧಕ್ಕೆ ಬೀಳುವುದರಿಂದ ಅದು ಕಾಲೆಳೆದುಕೊಂಡು ನಡೆದಂತೆ ಕೇಳಿಸುತ್ತದೆ, ಟ್ರಾನ್ಸ್ ಓಡಿದಂತೆ ಕೇಳಿಸುತ್ತದೆ.

ಹೌಸ್ ಹುಟ್ಟಿದ್ದು ಶಿಕಾಗೊದಲ್ಲಿ, ಜನಪ್ರಿಯತೆಯ ಮೇಲಿನ ಸಿಟ್ಟಿನ ಬೂದಿಯಿಂದ. 1979ರ ಜುಲೈ 12ರಂದು ಅಲ್ಲಿನ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಎರಡು ಪಂದ್ಯಗಳ ನಡುವೆ ಡಿಸ್ಕೊ ರೆಕಾರ್ಡುಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಸಿಡಿಮದ್ದು ಇಟ್ಟು ಸ್ಫೋಟಿಸಿದರು. ಜನ ಮೈದಾನಕ್ಕೆ ನುಗ್ಗಿ, ಎರಡನೇ ಪಂದ್ಯ ಆಡಲಿಕ್ಕೇ ಆಗಲಿಲ್ಲ. ಡಿಸ್ಕೊ ಅತಿಯಾಗಿದ್ದು ನಿಜ. ಆದರೆ ಆ ಸಿಟ್ಟಿನಲ್ಲಿ ಡಿಸ್ಕೊ ಕುಣಿಯುತ್ತಿದ್ದ ಕಪ್ಪು ಜನರ ಮೇಲಿನ, ಸಲಿಂಗಿಗಳ ಮೇಲಿನ ಅಸಹನೆಯೂ ಬೆರೆತಿತ್ತು ಎಂದು ಮುಂದೆ ಅನೇಕರು ಬರೆದರು. ಅದೇ ಊರಿನಲ್ಲಿ 1977ರಿಂದಲೇ ವೇರ್‌ಹೌಸ್ ಎಂಬ ಕ್ಲಬ್ಬಿನಲ್ಲಿ ಫ್ರಾಂಕಿ ನಕಲ್ಸ್ ರೆಕಾರ್ಡು ಹಾಕುತ್ತಿದ್ದರು. ಮಾರುಕಟ್ಟೆಯವರು ಕೈಬಿಟ್ಟ ಡಿಸ್ಕೊವನ್ನೇ ಅವರೂ ಅವರ ಜೊತೆಯವರೂ ಹಿಗ್ಗಿಸಿ, ಡ್ರಮ್ ಮಷಿನ್ ಸೇರಿಸಿ ಬೇರೆಯದಾಗಿ ಮಾಡಿದರು. ಆ ದಿನ ಮೈದಾನದಲ್ಲಿ ಶಿಕಾಗೊ ಎದುರು ಆಡಬೇಕಿದ್ದದ್ದು ಡೆಟ್ರಾಯಿಟ್ ತಂಡ ಎನ್ನುವುದು ನನಗೆ ಬಹಳ ಇಷ್ಟವಾದ ವಿವರ. ಒಂದು ಹೌಸ್‌ನ ತವರಾಯಿತು, ಇನ್ನೊಂದು ಟೆಕ್ನೊದ ತವರಾಯಿತು.

ಈಗ ಮುಂಬೈ. ಅಕ್ಕನ ಮಗ ಬರ್ಲಿನ್ ಜಪ ಶುರುಮಾಡಿದಾಗೆಲ್ಲ ನಾನು ಎತ್ತುವ ಹೆಸರು ಚರಣ್‌ಜಿತ್ ಸಿಂಗ್. ಹಿಂದಿ ಸಿನಿಮಾ ವಾದ್ಯಗೋಷ್ಠಿಗಳಲ್ಲಿ ಗಿಟಾರು, ಸಿಂಥಸೈಜರ್ ನುಡಿಸುತ್ತಿದ್ದ ಮುಂಬೈನ ಕಲಾವಿದ. 1982ರಲ್ಲಿ ಅವರು ರೋಲಂಡ್ ಕಂಪನಿಯ ಮೂರು ಯಂತ್ರಗಳನ್ನು ಮುಂದಿಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳದ ಮೇಲೆ ನುಡಿಸಿದರು: ತಾಳಕ್ಕೆ ಟಿಆರ್-808, ಬಾಸ್‌ಗೆ ಟಿಬಿ-303, ರಾಗದ ಎಳೆಗೆ ಜುಪಿಟರ್-8. ಭೈರವ್, ಲಲತ್, ಭೂಪಾಲಿ, ತೋಡಿ, ಯಮನ್, ಮಾಲಕಂಸ್, ಹೀಗೆ. ಎಚ್‌ಎಂವಿ ರೆಕಾರ್ಡು ತಂದಿತು. ಯಾರೂ ಕೊಳ್ಳಲಿಲ್ಲ ಅನ್ನುವಷ್ಟು ಕಡಿಮೆ ಜನ ಕೊಂಡರು.

ಆ 303 ಯಂತ್ರದ ಕತೆ ಇನ್ನೂ ಚೆನ್ನಾಗಿದೆ. ಗಿಟಾರು ಅಭ್ಯಾಸ ಮಾಡುವವನಿಗೆ ಜೊತೆಗೆ ಬಾಸ್ ನುಡಿಸುವವನಿಲ್ಲದಿದ್ದರೆ ಆಸರೆಯಾಗಲಿ ಎಂದು ಮಾಡಿದ ಬೆಳ್ಳಿಬಣ್ಣದ ಪುಟ್ಟ ಡಬ್ಬಿ ಅದು. ನಿಜವಾದ ಬಾಸ್ ಗಿಟಾರಿನಂತೆ ಅದು ಕೇಳಿಸಲೇ ಇಲ್ಲ, ಮಾರಾಟವೂ ಆಗಲಿಲ್ಲ, 1984ರಲ್ಲಿ ಕಂಪನಿ ತಯಾರಿಕೆ ನಿಲ್ಲಿಸಿತು. ಹಳೇ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕಿದ್ದರಿಂದಲೇ ಅದು ಶಿಕಾಗೊದ ಹುಡುಗರ ಕೈಗೆ ಬಿತ್ತು. ಫ್ಯೂಚರ್ ಎಂಬ ತಂಡದವರು ಅದರ ಗುಬಟುಗಳನ್ನು ಬೇಕಾಬಿಟ್ಟಿ ತಿರುಗಿಸಿ ಹೊರಡಿಸಿದ ಕೀಚಲು ಸದ್ದು 1987ರಲ್ಲಿ ರೆಕಾರ್ಡಾಗಿ ಬಂದು ಆಸಿಡ್ ಹೌಸ್ ಎಂಬ ಪ್ರಕಾರವೇ ಶುರುವಾಯಿತು. ಅದೇ ಯಂತ್ರವನ್ನು ಅದಕ್ಕೂ ಐದು ವರ್ಷ ಮೊದಲು ಮುಂಬೈನಲ್ಲಿ ಒಬ್ಬರು ಬಳಸಿ ಮುಗಿಸಿದ್ದರು. 303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಕರ್ಯವಿದೆ. ಶಿಕಾಗೊದವರಿಗೆ ಅದು ಮೋಜು, ಹಿಂದೂಸ್ತಾನಿ ಸಂಗೀತದಲ್ಲಿ ಇಂಥದೇ ಜಾರಾದ ಮೀಂಡ್ ಕೇಳಿ ಬೆಳೆದ ಕಿವಿಗೆ ಅದು ಬೇಕೇ ಬೇಕಾದದ್ದು. ತಂಬೂರಿ ಶ್ರುತಿಯಂತೆ ಒಂದೇ ಆಧಾರದ ಮೇಲೆ ನಿಂತು, ಒಂದೇ ತಾಳದಲ್ಲಿ ಹೊತ್ತು ಕಳೆಯುವ ಸಂಗೀತ ನಮಗೇನು ಹೊಸದೇ?

2010ರಲ್ಲಿ ಡಚ್ ಸಂಗ್ರಾಹಕರೊಬ್ಬರು ಆ ರೆಕಾರ್ಡನ್ನು ಮತ್ತೆ ಹೊರತಂದ ಮೇಲೆ ಯುರೋಪಿನವರು ಕಣ್ಣರಳಿಸಿದರು. ಎಪ್ಪತ್ತು ದಾಟಿದ ಚರಣ್‌ಜಿತ್ ಅಲ್ಲಿಗೆ ಹೋಗಿ ವೇದಿಕೆಯಲ್ಲಿ ಅದೇ ರಾಗಗಳನ್ನು ನುಡಿಸಿ ಬಂದರು. 2015ರಲ್ಲಿ ತೀರಿಕೊಂಡರು. ಅವರೇ ಆಸಿಡ್ ಹೌಸ್ ಕಂಡುಹಿಡಿದರು ಎಂದು ಎದೆ ತಟ್ಟಿಕೊಳ್ಳುವವರ ಗುಂಪಿಗೆ ನಾನಿಲ್ಲ. ಶಿಕಾಗೊದವರು ಅವರ ರೆಕಾರ್ಡು ಕೇಳಿದ್ದಕ್ಕೆ ಯಾವ ಸುಳಿವೂ ಇಲ್ಲ. ನನ್ನ ಕುತೂಹಲ ಬೇರೆ. ಸದ್ದು ಅದೇ, ಯಂತ್ರ ಅದೇ, ಇಲ್ಲಿ ಅದು ಪ್ರಕಾರವಾಗಲಿಲ್ಲ. ಏಕೆಂದರೆ 1982ರ ಮುಂಬೈನಲ್ಲಿ ಆ ಸದ್ದಿಗೆ ಬೆಳಗಿನವರೆಗೆ ಕುಣಿಯುವ ಒಂದು ಕೋಣೆ ಇರಲಿಲ್ಲ. ಕೇಳಿದವರು ಕೇಳಿದ್ದು ಮನೆಯ ರೆಕಾರ್ಡ್ ಪ್ಲೇಯರಿನಲ್ಲಿ, ಚಹಾ ಕುಡಿಯುತ್ತ.

ಕೋಣೆ ಅಲ್ಲದಿದ್ದರೂ ಅಂಥದೊಂದು ಜಾಗ ಆಗಲೇ ಇತ್ತು, ಮುಂಬೈನಿಂದ ಒಂದು ರಾತ್ರಿಯ ಬಸ್ಸಿನ ದೂರದಲ್ಲಿ. ಅಂಜುಣದ ಕಡಲತೀರದಲ್ಲಿ ಹಿಪ್ಪಿಗಳು ಎಪ್ಪತ್ತರ ದಶಕದಲ್ಲಿ ಗಿಟಾರು, ರಾಕ್ ಅಂತ ರಾತ್ರಿ ಕಳೆಯುತ್ತಿದ್ದರು. ಎಂಬತ್ತರ ಮೊದಲ ವರ್ಷಗಳಲ್ಲಿ ಅದು ಎಲೆಕ್ಟ್ರಾನಿಕ್ ಸಂಗೀತಕ್ಕೆ ತಿರುಗಿತು. ಗೋವಾ ಗಿಲ್ ಎಂದೇ ಹೆಸರಾದ ಸ್ಯಾನ್‌ಫ್ರಾನ್ಸಿಸ್ಕೊದ ಗಿಲ್ಬರ್ಟ್ ಲೆವಿ, 2023ರಲ್ಲಿ ತೀರಿಕೊಂಡರಲ್ಲ, ಅಂಥವರು ಸಂಜೆಯಿಂದ ಮರುದಿನದವರೆಗೂ ನುಡಿಸುತ್ತಿದ್ದರು. ನಡುರಾತ್ರಿಗೆ ಕಡುಗಪ್ಪು, ಕರ್ಕಶ. ಬೆಳಕು ಹರಿಯುವ ಹೊತ್ತಿಗೆ ಇಂಪು. ಪ್ರಹರಕ್ಕೊಂದು ರಾಗ ಎಂದು ನಮ್ಮವರು ಹೇಳುವುದನ್ನು ಅವರು ಕಡಲತೀರದಲ್ಲಿ ಕಾಲು ಸವೆಸಿ ಕಲಿತರು.

ಗೋವಾ ಟ್ರಾನ್ಸ್‌ನ ಹಾಡುಗಳೇಕೆ ಅಷ್ಟು ಉದ್ದ, ಶುರುವಿಗೂ ಕೊನೆಗೂ ತಾಳವಿಲ್ಲದ ತೇಲುವ ಭಾಗಗಳೇಕೆ ಎಂದು ಕೇಳಿದರೆ ಬಹಳಷ್ಟು ಜನ ಆಧ್ಯಾತ್ಮ ಹೇಳುತ್ತಾರೆ. ಒಂದು ಕಾರಣ ಮರಳು, ಬಿಸಿಲು. ವಿನೈಲ್ ರೆಕಾರ್ಡು ಗೋವಾದ ಸೆಕೆಗೆ ಸೊಟ್ಟಗಾಗುತ್ತಿತ್ತು, ಮರಳಿಗೆ ಸೂಜಿ ಕೆಡುತ್ತಿತ್ತು, ಸಾಗಿಸಲೂ ಭಾರ. ಹಾಗಾಗಿ ಅಲ್ಲಿಯ ಡಿಜೆಗಳು ಕ್ಯಾಸೆಟ್ಟು, ಮುಂದೆ ಡ್ಯಾಟ್ ಎಂಬ ಡಿಜಿಟಲ್ ಟೇಪು ಹಿಡಿದರು. ಟೇಪಿನಲ್ಲಿ ವೇಗವನ್ನು ಬೆರಳ ತುದಿಯಲ್ಲಿ ಹೆಚ್ಚುಕಡಿಮೆ ಮಾಡಿ ಒಂದು ಹಾಡಿನ ಬಡಿತವನ್ನು ಇನ್ನೊಂದರ ಮೇಲೆ ಕೂರಿಸುವುದು ರೆಕಾರ್ಡಿನಷ್ಟು ಸುಲಭವಲ್ಲ. ತಾಳವಿಲ್ಲದ ಕೊನೆಯನ್ನು ತಾಳವಿಲ್ಲದ ಮೊದಲಿಗೆ ಸೇರಿಸುವುದು ಸುಲಭ. ಹಾಗೆ ಸೇರಿಸಲು ಅನುಕೂಲವಾಗುವಂತೆ ಹಾಡು ಕಟ್ಟಿದರು, ಅದೇ ಶೈಲಿಯಾಯಿತು. 1994ರ ಡಿಸೆಂಬರಿನಲ್ಲಿ ಬ್ರಿಟಿಷ್ ಡಿಜೆ ಪಾಲ್ ಓಕನ್‌ಫೋಲ್ಡ್ ಈ ಧಾಟಿಯ ಎರಡು ಗಂಟೆಯ ಮಿಶ್ರಣವನ್ನು ಬಿಬಿಸಿ ರೇಡಿಯೊ 1ರಲ್ಲಿ ನುಡಿಸಿದಾಗ ಅಂಜುಣದ ಹಳಬರು ಎಲ್ಲ ಮಾರಿಕೊಂಡರು ಎಂದು ಗೊಣಗಿರಲಿಕ್ಕೂ ಸಾಕು. ಈಗ, ಗೋವಾ ಟ್ರಾನ್ಸ್‌ನಿಂದಲೇ ಕವಲೊಡೆದ ಸೈಟ್ರಾನ್ಸ್‌ನವರು ಆ ಎರಡು ಗಂಟೆಯನ್ನೇ ವೇದವೆನ್ನುತ್ತಾರೆ.

ಆಮೇಲೆ ಬಂದದ್ದು ಕಾನೂನು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು. 2005ರಲ್ಲಿ ಸುಪ್ರೀಂ ಕೋರ್ಟು ಅದನ್ನು ಗಟ್ಟಿ ಮಾಡಿತು. ಹಬ್ಬಹರಿದಿನಕ್ಕೆ ರಾಜ್ಯ ಸರಕಾರ ವರ್ಷದಲ್ಲಿ 15 ದಿನ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು, ಅಷ್ಟೆ. ನಿಯಮ ಬೇಡ ಎಂದು ನಾನು ಹೇಳಲಾರೆ. ಪಾರ್ಟಿಯ ಪಕ್ಕದಲ್ಲಿ ಮನೆ ಇರುವವನ ನಿದ್ದೆ ಯಾವ ಪ್ರಕಾರಕ್ಕೂ ಸೇರಿದ್ದಲ್ಲ. ನಿಯಮ ಮುರಿಯುವವರೂ ಗೋವಾದಲ್ಲಿ ಬೇಕಾದಷ್ಟಿದ್ದಾರೆ. ಆದರೆ ಕಾಗದದ ಮೇಲಾದರೂ ಇಡೀ ರಾತ್ರಿ ಬೇಕಾಗಿದ್ದ ಸಂಗೀತದ ಕೈಯಿಂದ ರಾತ್ರಿ ಹೋಯಿತು.

ನಮ್ಮ ಊರಿನ ಕಡೆಯ ಯಕ್ಷಗಾನ ಮೇಳಗಳಿಗೂ ಇದೇ ನಿಯಮ ತಟ್ಟಿತು. ಕಟೀಲು ಮೇಳ 2022ರ ತಿರುಗಾಟದಲ್ಲಿ ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿಗೆ ಬಂದಾಗ ಊರಲ್ಲಿ ಆದ ಗಲಾಟೆ ಮುಂಬೈನ ವಾಟ್ಸಾಪ್ ಗುಂಪುಗಳವರೆಗೂ ಬಂತು. ಇಲ್ಲಿಯ ಸಭಾಂಗಣಗಳಲ್ಲಿ ಮಳೆಗಾಲದ ಆಟ ಎಂದೋ ಮೂರು-ನಾಲ್ಕು ಗಂಟೆಗೆ ಇಳಿದಾಗಿತ್ತು; ಕೊನೆಯ ಲೋಕಲ್ ಹಿಡಿಯಬೇಕಲ್ಲ. ಪ್ರಸಂಗ ಅದೇ ಇದ್ದರೂ ಒಡ್ಡೋಲಗ ಮೊಟಕಾಗುತ್ತದೆ, ಮಾತು ಕತ್ತರಿಯಾಗುತ್ತದೆ, ಚಪ್ಪಾಳೆ ಬೀಳುವ ಜಾಗಗಳು ಹತ್ತಿರ ಹತ್ತಿರ ಬರುತ್ತವೆ. ಯಾರೂ ಬೇಕೆಂದು ಮಾಡಿದ್ದಲ್ಲ.

ಪಾಳೊಳೆಯಲ್ಲಿ, ಕಾರವಾರಕ್ಕೆ ಹತ್ತಿರದ ದಕ್ಷಿಣ ಗೋವಾದಲ್ಲಿ, ಈ ಹತ್ತು ಗಂಟೆಯ ನಿಯಮಕ್ಕೆ ಒಂದು ಉಪಾಯ ಕಂಡುಕೊಂಡಿದ್ದಾರೆ. ಧ್ವನಿವರ್ಧಕವೇ ಇಲ್ಲದ ಪಾರ್ಟಿ. ಬಾಗಿಲಲ್ಲಿ ಠೇವಣಿ ಇಟ್ಟು ಹೆಡ್‌ಫೋನ್ ಇಸಕೊಳ್ಳಬೇಕು. ಒಂದಕ್ಕಿಂತ ಹೆಚ್ಚು ಡಿಜೆಗಳು ಏಕಕಾಲಕ್ಕೆ ನುಡಿಸುತ್ತಾರೆ, ಕಿವಿಯ ಮೇಲಿನ ಗುಂಡಿ ಒತ್ತಿ ಬೇಕಾದವರಿಗೆ ಹೋಗಬಹುದು, ಯಾರದನ್ನು ಕೇಳುತ್ತಿದ್ದೀರೋ ಆ ಬಣ್ಣದ ದೀಪ ಹೆಡ್‌ಫೋನಿನಲ್ಲಿ ಹೊತ್ತಿಕೊಳ್ಳುತ್ತದೆ. ನಾನು ಹೋದ ರಾತ್ರಿ ಕೆಂಪು ಟೆಕ್ನೊ, ನೀಲಿ ಹೌಸ್, ಹಸಿರು ಎಲ್ಲರಿಗೂ ಗೊತ್ತಿರುವ ಹಾಡುಗಳದ್ದು.

ಜನಪ್ರಿಯತೆ ಎನ್ನುವುದನ್ನು ಕಣ್ಣಾರೆ ಕಂಡದ್ದು ಅಲ್ಲೇ. ಹನ್ನೊಂದು ಗಂಟೆಗೆ ಅಂಗಳವೆಲ್ಲ ಹಸಿರು. ಒಂದು ಮೂಲೆಯಲ್ಲಿ ಕೆಂಪಿನವರು, ತಲೆ ತಗ್ಗಿಸಿ, ಯಾರ ಮುಖವನ್ನೂ ನೋಡದೆ. ಹಸಿರಿನಲ್ಲಿ ಗೊತ್ತಿರುವ ಹಾಡು ಬಂದರೆ ನೀಲಿಯೂ ಕೆಂಪೂ ಪಟಪಟ ಹಸಿರಾಗುತ್ತಿದ್ದವು. ಕೆಂಪಿನ ಮೂಲೆಯಿಂದ ಒಬ್ಬ ಅತ್ತಿತ್ತ ನೋಡಿ ಗುಂಡಿ ಒತ್ತಿದ್ದನ್ನೂ ನೋಡಿದೆ, ಹಾಡು ಮುಗಿದ ಕೂಡಲೇ ಏನೂ ಆಗದವನಂತೆ ಮತ್ತೆ ಕೆಂಪು. ಹೊತ್ತು ಹೋದ ಹಾಗೆ ಲೆಕ್ಕ ಬದಲಾಯಿತು. ಎರಡು ಗಂಟೆ ದಾಟಿದ ಮೇಲೆ ಹಸಿರಿನ ಬಹಳಷ್ಟು ಮಂದಿ ಸುಸ್ತಾಗಿ ಹೋಗಿದ್ದರು, ಉಳಿದವರಲ್ಲಿ ಕೆಂಪೇ ಹೆಚ್ಚು. ಮೊದಲು ಹಸಿರಿನಲ್ಲಿ ಕಿರುಚಿ ಹಾಡುತ್ತಿದ್ದ ಹುಡುಗಿಯರೇ ಕೆಂಪಿಗೆ ಬಂದು ಕಣ್ಣು ಮುಚ್ಚಿ ಕುಣಿಯುತ್ತಿದ್ದರು. ಹೆಡ್‌ಫೋನ್ ತೆಗೆದರೆ ಕೇಳಿಸಿದ್ದು ಪಾದಗಳ ಸದ್ದು, ಅಪಸ್ವರದಲ್ಲಿ ಯಾರೋ ಹಾಡುವುದು, ಕೆಳಗೆ ಸಮುದ್ರ.

ಅಂದರೆ ಟೆಕ್ನೊ ಜನಪ್ರಿಯವಲ್ಲ ಎನ್ನುವುದು ಪೂರ್ತಿ ನಿಜವಲ್ಲ. ರಾತ್ರಿ ಎರಡಕ್ಕೆ ಅದು ಜನಪ್ರಿಯವೇ. ಎರಡು ಗಂಟೆ ತನಕ ಉಳಿಯಲು ಬಿಟ್ಟರೆ ತಾನೆ?

ಸನ್‌ಬರ್ನ್‌ಗೆ ಅಷ್ಟು ಹೊತ್ತಿರಲಿಲ್ಲ. 2007ರ ಕೊನೆಗೆ ಕಾಂದೋಳಿಯಲ್ಲಿ ಅದು ಶುರುವಾದಾಗ ಹಿಂದಿದ್ದವರಲ್ಲಿ ಒಬ್ಬರು ನಮ್ಮ ಬೆಂಗಳೂರಿನ ನಿಖಿಲ್ ಚಿನಪ್ಪ. ಮಧ್ಯಾಹ್ನ ಶುರು, ರಾತ್ರಿ ಬೇಗ ಮುಕ್ತಾಯ, ವೇದಿಕೆಗೆ ಒಬ್ಬರಾದ ಮೇಲೆ ಒಬ್ಬರು. ಒಬ್ಬ ಡಿಜೆಗೆ ಸಿಗುವುದು ಒಂದು ಗಂಟೆ, ಬಹಳವಾದರೆ ಒಂದೂವರೆ. ಎದುರಿಗಿರುವವರಲ್ಲಿ ಅರ್ಧ ಜನ ಆಗಷ್ಟೇ ಗೇಟು ದಾಟಿ ಬಂದವರು. ಅಷ್ಟರಲ್ಲಿ ಯಾರನ್ನು ಎಲ್ಲಿಗೆ ಕರೆದೊಯ್ಯುವುದು? ಸದ್ದನ್ನು ಏರಿಸಿ, ಒಂದು ಕ್ಷಣ ಎಲ್ಲ ನಿಲ್ಲಿಸಿ, ಧಡ್ ಎಂದು ಬೀಳಿಸಬೇಕು. ಎರಡು ನಿಮಿಷದಲ್ಲಿ ಮತ್ತೆ ಅದನ್ನೇ ಮಾಡಬೇಕು. 2013ರಲ್ಲಿ ಹದಿನೇಳರ ಹುಡುಗ ಮಾರ್ಟಿನ್ ಗ್ಯಾರಿಕ್ಸ್‌ನ ಹಾಡು ಜಗತ್ತನ್ನೇ ಕುಣಿಸಿದ್ದು ಈ ಬಿಗ್ ರೂಮ್ ಶೈಲಿಯಲ್ಲೇ. ಅದು ದೊಡ್ಡ ಮೈದಾನಕ್ಕೆ, ಚಿಕ್ಕ ಅವಧಿಗೆ ಅಳತೆ ಮಾಡಿ ಹೊಲಿದ ಸಂಗೀತ. ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ.

ಪ್ಲೇ ಒತ್ತುವ ಆರೋಪಕ್ಕೂ ಆಧಾರವಿಲ್ಲದೆ ಇಲ್ಲ. ಕೆನಡಾದ ಡೆಡ್‌ಮೌಸ್, ತಾನೇ ಆ ದೊಡ್ಡ ವೇದಿಕೆಗಳವನು, 2012ರಲ್ಲಿ ನಾವೆಲ್ಲ ಒತ್ತುವುದು ಪ್ಲೇ ಗುಂಡಿಯನ್ನೇ ಎಂಬರ್ಥದ ಮಾತು ಬರೆದು ತನ್ನ ಕಸುಬಿನವರನ್ನೇ ಕೆಣಕಿದ್ದ. ದೀಪ, ಪರದೆ, ಬೆಂಕಿ ಎಲ್ಲವೂ ಹಾಡಿಗೆ ಕೂಡಿಬರಬೇಕಾದರೆ ಹಾಡು ಮೊದಲೇ ನಿಗದಿಯಾಗಿರಬೇಕು. ಅಕ್ಕನ ಮಗನಿಗೆ ಇದು ಮೋಸವಾಗಿ ಕಾಣುತ್ತದೆ. ನನ್ನ ತಕರಾರು ಅದಲ್ಲ. ನನಗೆ ಬೇಸರ ತರುವುದು ಎರಡು ನಿಮಿಷಕ್ಕೊಮ್ಮೆ ಕೈ ಎತ್ತಿ ಎಂದು ಮೈಕಿನಲ್ಲಿ ಕೂಗುವುದು. ಕುಣಿಯುವವರಿಗೆ ಕೈ ಯಾವಾಗ ಎತ್ತಬೇಕೆಂದು ಗೊತ್ತಿರುತ್ತದೆ, ಸ್ವಾಮಿ.

ಈ ಎರಡೂ ಪಕ್ಷದವರು ಲೆಕ್ಕಕ್ಕೇ ಹಿಡಿಯದ ಒಂದು ಪ್ರಕಾರವಿದೆ, ಮುಂಬೈ-ಪುಣೆಯಲ್ಲಿ ಅದಕ್ಕಿಂತ ಜನಪ್ರಿಯವಾದ ಎಲೆಕ್ಟ್ರಾನಿಕ್ ಸಂಗೀತವಿಲ್ಲ: ಗಣಪತಿ ವಿಸರ್ಜನೆಯ ಡಿಜೆ. ಟೆಂಪೊ ಮೇಲೆ ಆಳೆತ್ತರದ ಸ್ಪೀಕರ್ ಗೋಡೆ, ಮೀನುಗಾರರಾದ ಕೋಳಿ ಜನಾಂಗದವರ ಹಾಡುಗಳ ರೀಮಿಕ್ಸು, ನಡುವೆ ಬೆಂಜೊ. ಸಂಪ್ರದಾಯದ ಚರ್ಮವಾದ್ಯ ಬಾರಿಸುವ ಪುಣೆಯ ಢೋಲ್-ತಾಶಾ ಪಥಕದವರು ಇದನ್ನು ಕಂಡರೆ ಉರಿದು ಬೀಳುತ್ತಾರೆ, ಅಲ್ಲೂ ಅದೇ ಶುದ್ಧ-ಅಶುದ್ಧದ ಜಗಳ. ನ್ಯೂಕ್ಲಿಯಾ ಎಂಬ ಹೆಸರಿನ ಡಿಜೆ ಉದಯನ್ ಸಾಗರ್ ಈ ಬೀದಿಯ ಸದ್ದನ್ನೂ ಲಂಡನ್ನಿನ ಬೇಸ್ ಸಂಗೀತವನ್ನೂ ಒಟ್ಟು ಕಲೆಸಿ 2015ರ ಗಣೇಶ ಚತುರ್ಥಿಗೆ ಒಂದು ಆಲ್ಬಂ ತಂದಾಗ ಕಾಲೇಜು ಹುಡುಗರು ಮುಗಿಬಿದ್ದರು. ಡಬ್‌ಸ್ಟೆಪ್ ಅಂದರೇನೆಂದು ಗೊತ್ತಿಲ್ಲದವರೂ ಅದಕ್ಕೆ ಕುಣಿದರು, ಏಕೆಂದರೆ ಮೆರವಣಿಗೆಯಲ್ಲಿ ಆ ಪೆಟ್ಟು ಅವರ ಎದೆಗೆ ಮೊದಲೇ ಬಿದ್ದಾಗಿತ್ತು. ಆ ಸದ್ದಿನ ಪ್ರಮಾಣವನ್ನು ನಾನು ಸಮರ್ಥಿಸುವುದಿಲ್ಲ. ನಮ್ಮ ರಸ್ತೆಯಲ್ಲಿ ಟೆಂಪೊ ಹಾದರೆ ಕಿಟಕಿಯ ಗಾಜು ಅಲುಗುತ್ತದೆ, ಅಮ್ಮ ಕಿವಿಗೆ ಹತ್ತಿ ಇಟ್ಟುಕೊಂಡು ಒಳಕೋಣೆಗೆ ಹೋಗುತ್ತಾರೆ. ಹಾಗಿದ್ದೂ ಅದು ಅಂಗುಲ ಅಂಗುಲವಾಗಿ ಸಾಗುವ ಮೆರವಣಿಗೆಗೆ ತಕ್ಕ ಸಂಗೀತ ಎಂದು ಒಪ್ಪಲೇಬೇಕು. ಅಲ್ಲಿ ಹೊತ್ತಿಗೆ ಕೊರತೆಯಿಲ್ಲ, ಜಾಗಕ್ಕೆ ಕೊರತೆ.

ಮುಂಬೈನಲ್ಲಿ ಲೋವರ್ ಪರೇಲಿನ ಮಿಲ್ ಆವರಣದ ಬ್ಲೂಫ್ರಾಗ್ ಇದ್ದಷ್ಟು ಕಾಲ ಒಳ್ಳೆಯ ಸ್ಪೀಕರಿನಲ್ಲಿ ಟೆಕ್ನೊ ಕೇಳಬಹುದಿತ್ತು. 2016ರಲ್ಲಿ ಅದೂ ಮುಚ್ಚಿತು. ಈಗಿನ ಕ್ಲಬ್ಬುಗಳು ಒಂದೂವರೆಗೆ ಬಾಗಿಲು ಹಾಕುತ್ತವೆ. ಮುಖ್ಯ ಡಿಜೆ ಏರುವುದೇ ಹನ್ನೊಂದೂವರೆಗೆ. ಬರ್ಲಿನ್ನಿನ ಕೆಲವು ಕ್ಲಬ್ಬುಗಳಲ್ಲಿ ಶನಿವಾರ ರಾತ್ರಿ ಒಳಹೊಕ್ಕವರು ಸೋಮವಾರ ಹೊರಬೀಳುತ್ತಾರೆ. ಆ ಸಂಗೀತವನ್ನು ಎರಡು ತಾಸಿನಲ್ಲಿ ಕೇಳಿಸಿ ಜನ ಒಲಿಯಲಿಲ್ಲ ಎಂದು ಜನರನ್ನು ಬೈಯುವುದು ಯಾವ ನ್ಯಾಯ ಎಂದು ನಾನು ಕೇಳಿದರೆ ಅಕ್ಕನ ಮಗ, "ಮಾಮ, ನೀವು ಆ ಅಂಕಲ್ ಕಡೆ" ಎನ್ನುತ್ತಾನೆ.

ಹೋದ ಡಿಸೆಂಬರಿನಲ್ಲಿ ನಮ್ಮ ಸೊಸೈಟಿಯ ವಾರ್ಷಿಕ ಕಾರ್ಯಕ್ರಮದಲ್ಲಿ ಅವನಿಗೇ ಒಂದು ಅವಕಾಶ ಸಿಕ್ಕಿತು. ಮಕ್ಕಳ ಫ್ಯಾನ್ಸಿ ಡ್ರೆಸ್, ಬಹುಮಾನ ವಿತರಣೆ, ಅಧ್ಯಕ್ಷರ ಮಾತು ಎಲ್ಲ ಮುಗಿದಾಗ ಒಂಬತ್ತು ದಾಟಿತ್ತು, ಹತ್ತಕ್ಕೆ ನಿಲ್ಲಿಸಲೇಬೇಕು. ಹುಡುಗ ಗಂಭೀರವಾಗಿ ಟೆಕ್ನೊ ಶುರುಮಾಡಿದ. ಮಕ್ಕಳು ಕುರ್ಚಿ ಸುತ್ತ ಓಡತೊಡಗಿದರು, ಹೆಂಗಸರು ಪಾವ್ ಭಾಜಿಯ ಸಾಲಿಗೆ ಹೋದರು. ಎರಡನೇ ಹಾಡಿಗೆ ನಾಲ್ಕನೇ ಮಹಡಿಯ ಕಾಕೂ ಬಂದು ಕರೆಂಟು ಸರಿಯಿದೆಯೇ ಎಂದು ಕೇಳಿದರು. ಮೂರನೆಯದಕ್ಕೆ ಅವನು ನನ್ನ ಕಡೆ ನೋಡಲಿಲ್ಲ. ಕೋಳಿ ರೀಮಿಕ್ಸ್ ಹಾಕಿದ, ಆಮೇಲೆ ಪುಣೆಯ ಗೆಳೆಯನಿಗೆ ಬಾಯಿಪಾಠವಾಗಿರುವ ಒಂದು ಇಡಿಎಂ ಹಾಡು, ಸರಿಯಾದ ಜಾಗದಲ್ಲಿ ಸದ್ದು ನಿಲ್ಲಿಸಿ, ಧಡ್ ಎಂದು ಬೀಳಿಸಿದ. ಕಾಕೂ ಸೇರಿ ಇಡೀ ಸೊಸೈಟಿ ಕುಣಿಯಿತು.

ವೈರು ಸುತ್ತುವಾಗ ಸೆಕ್ರೆಟರಿ ಬಂದು ಬೆನ್ನು ತಟ್ಟಿದರು. ಮುಂದಿನ ವರ್ಷ ಭಾಷಣ ಕಡಿಮೆ ಮಾಡಿ ಎರಡು ತಾಸು ಕೊಡಿ, ನಿಜವಾದದ್ದು ಕೇಳಿಸುತ್ತೇನೆ ಎಂದು ಇವನು ಕೇಳಿದ. ಭಾಷಣ ಕಡಿಮೆ ಮಾಡಲಾಗುವುದಿಲ್ಲ, ಬೇಕಾದರೆ ಫ್ಯಾನ್ಸಿ ಡ್ರೆಸ್ಸಿನಲ್ಲಿ ಹತ್ತು ನಿಮಿಷ ಉಳಿಸಬಹುದು ಎಂದರು ಸೆಕ್ರೆಟರಿ. ಮಾತುಕತೆ ಇನ್ನೂ ನಡೆಯುತ್ತಿದೆ.